ಕಡಿಮೆ ಬೆಲೆಯ ಓಪನ್ ಹಾರ್ಡ್‌ವೇರ್ ಬೋರ್ಡ್: ಬೀಗಲ್‌ಬೋನ್ ಬ್ಲ್ಯಾಕೋ, ಓಲಿಮೆಕ್ಸ್ ಲೈಮ್2 ಬೋರ್ಡೋ?

ತೋಟದ_ಲಾಗರ್

ನಮಸ್ಕಾರ. ಅಡಿಕೆ ತೋಟದ ಪಂಪ್‌ಹೌಸ್‌ನಲ್ಲಿ 24 ಗಂಟೆಯೂ ಓಡುವ ಒಂದು ಲಿನಕ್ಸ್ ಬೋರ್ಡ್ ಇಡಬೇಕು. ಮಾಡಬೇಕಾದ ಕೆಲಸ ಇಷ್ಟು: ತ್ರೀ ಫೇಸ್ ಎನರ್ಜಿ ಮೀಟರನ್ನು ಆರ್‌ಎಸ್-485 (ಡೇಟಾ ಸಾಗಿಸುವ ವೈರ್ ಜೋಡಿ) ಮೇಲೆ ಮಾಡ್‌ಬಸ್ (ಮೀಟರ್ ಜೊತೆ ಮಾತಾಡುವ ಭಾಷೆ) ಮೂಲಕ ಓದಬೇಕು, 5 ಮೀಟರ್ ಆಳದ ಟ್ಯಾಂಕಿನ ಮಟ್ಟವನ್ನು ಮಟ್ಟಕ್ಕೆ ತಕ್ಕಂತೆ 4–20 ಮಿಲಿಆಂಪಿಯರ್ ಕರೆಂಟ್ ಬಿಡುವ ಸೆನ್ಸರ್‌ನಿಂದ ತಗೋಬೇಕು, ಮುಂದೆ ಸ್ಟಾರ್ಟರ್‌ನ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಆನ್-ಆಫ್ ಮಾಡಬೇಕು. ಕರೆಂಟ್ ದಿನಕ್ಕೆ ಎಷ್ಟು ಸಲ ಬೇಕಾದರೂ ಹೋಗುತ್ತೆ.

ಸ್ಕೀಮ್ಯಾಟಿಕ್ (ಸರ್ಕ್ಯೂಟ್ ಚಿತ್ರ), ಪಿಸಿಬಿ (ಬೋರ್ಡಿನ ಲೇಔಟ್) ಫೈಲ್ ಎರಡೂ ಸಿಗುವ ಬೋರ್ಡೇ ಬೇಕು. ಇದು ಚೆನ್ನಾಗಿ ನಡೆದರೆ ಮುಂದಿನ ಹಂತದಲ್ಲಿ ಟರ್ಮಿನಲ್ ಬ್ಲಾಕ್, ಆರ್‌ಎಸ್-485, ರಿಲೇ ಎಲ್ಲ ಸೇರಿಸಿ ನಮ್ಮದೇ ಒಂದು ಬೋರ್ಡ್ ಮಾಡಿಸುವ ಯೋಚನೆ ಇದೆ. ಕೈಕ್ಯಾಡ್‌ನಲ್ಲಿ (ಬೋರ್ಡ್ ವಿನ್ಯಾಸದ ಉಚಿತ ಸಾಫ್ಟ್‌ವೇರ್) ಎರಡು ಲೇಯರ್ ಬೋರ್ಡ್ ಮಾಡಿ ಅಭ್ಯಾಸ ಇದೆ, ಅದಕ್ಕಿಂತ ಮೇಲೆ ಇಲ್ಲ. ಬೀಗಲ್‌ಬೋನ್ ಬ್ಲ್ಯಾಕ್, ಪಾಕೆಟ್‌ಬೀಗಲ್, ಓಲಿಮೆಕ್ಸ್ ಎ20 ಲೈಮ್2, ಈ ಮೂರರಲ್ಲಿ ಯಾವುದು ತಗೊಳ್ಳಲಿ? ರಾಸ್ಪ್‌ಬೆರಿ ಪೈ, ಆರೆಂಜ್ ಪೈ ಈ ಲೆಕ್ಕಕ್ಕೆ ಬರುತ್ತವಾ?

---

ಬೆಸುಗೆಗಾರ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ರಾಸ್ಪ್‌ಬೆರಿ ಪೈ ಓಪನ್ ಹಾರ್ಡ್‌ವೇರ್ ಅಲ್ಲ. ಕೆಲವು ಭಾಗ ಬಿಟ್ಟ ಸ್ಕೀಮ್ಯಾಟಿಕ್ ಪಿಡಿಎಫ್ ಮಾತ್ರ ಸಿಗುತ್ತೆ, ಪಿಸಿಬಿ ಲೇಔಟ್ ಕೊಡಲ್ಲ, ಬ್ರಾಡ್‌ಕಾಮ್ ಚಿಪ್ಪನ್ನು ಬಿಡಿಯಾಗಿ ಕೊಳ್ಳೋಕೆ ನಮ್ಮಂಥವರಿಗೆ ದಾರಿ ಇಲ್ಲ. ಆರೆಂಜ್ ಪೈ, ನ್ಯಾನೋಪೈ ಬೋರ್ಡ್‌ಗಳದೂ ಹೆಚ್ಚುಕಡಿಮೆ ಪಿಡಿಎಫ್ ಮಟ್ಟದ ಮುಕ್ತತೆಯೇ. ರಿಪೇರಿಗೆ ಪಿಡಿಎಫ್ ಸಾಕು. ಬದಲಾಯಿಸಿ ಮತ್ತೆ ಮಾಡಿಸೋಕೆ ಸಾಲದು.

ಓಪನ್ ಸೋರ್ಸ್ ಹಾರ್ಡ್‌ವೇರ್ ವ್ಯಾಖ್ಯೆಯ ಪ್ರಕಾರ, ವಿನ್ಯಾಸದ ಮೂಲ ಫೈಲುಗಳು ತಿದ್ದಲು ಬರುವ ರೂಪದಲ್ಲೇ ಸಿಗಬೇಕು. ಅದನ್ನು ಯಾರು ಬೇಕಾದರೂ ಮಾಡಿಸಬಹುದು, ಮಾರಲೂಬಹುದು. ‘ವಾಣಿಜ್ಯ ಬಳಕೆಗೆ ಇಲ್ಲ’ ಅನ್ನೋ ಷರತ್ತಿದ್ದರೆ ಅದು ಓಪನ್ ಅಲ್ಲ. ಈ ಗೆರೆಯೊಳಗೆ ನೀವು ಹೇಳಿದ ಮೂರೂ ಬರ್ತವೆ. ಆದರೆ ಮೂರರ ಫೈಲುಗಳೂ ನಿಮಗೆ ಒಂದೇ ಥರ ಉಪಯೋಗಕ್ಕೆ ಬರಲ್ಲ. ಕೊಳ್ಳೋ ಮುಂಚೆ ಇದನ್ನು ನೋಡಲೇಬೇಕು.

ಬೀಗಲ್‌ಬೋನ್ ಬ್ಲ್ಯಾಕ್ 2013ರದು. ಮೂಲ ಲೇಔಟ್ ಅಲ್ಲೆಗ್ರೋದಲ್ಲಿದೆ, ಅದು ದುಬಾರಿ ಸಾಫ್ಟ್‌ವೇರ್. ಬೋರ್ಡ್ ಆರು ಲೇಯರ್. ಪ್ರೊಸೆಸರ್ 324 ಬಾಲ್‌ಗಳ ಬಿಜಿಎ (ಅಡಿಯಲ್ಲಿ ಬೆಸುಗೆ ಗುಂಡುಗಳಿರೋ ಚಿಪ್), ಬಾಲ್‌ಗಳ ನಡುವೆ 0.8 ಮಿ.ಮೀ. ಪಕ್ಕದಲ್ಲಿ ಡಿಡಿಆರ್3 ಮೆಮೊರಿ, ಅದರ ಟ್ರೇಸ್‌ಗಳ (ತಾಮ್ರದ ಗೆರೆಗಳ) ಉದ್ದ ಹೊಂದಿಸಬೇಕು. ಎರಡು ಲೇಯರ್‌ನಿಂದ ನೇರ ಇಲ್ಲಿಗೆ ಜಿಗಿಯೋದು ಬೇಡ.

ಪಾಕೆಟ್‌ಬೀಗಲ್ 2017ರಲ್ಲಿ ಬಂತು. ಅದರಲ್ಲಿರೋದು ಆಕ್ಟಾವೋ ಕಂಪನಿಯ ಓಎಸ್‌ಡಿ3358 ಪ್ಯಾಕೇಜ್. ಬ್ಲ್ಯಾಕ್‌ನಲ್ಲಿರೋ ಅದೇ ಪ್ರೊಸೆಸರ್, 512 ಎಂಬಿ ಡಿಡಿಆರ್3, ಪವರ್ ಚಿಪ್, ಜೊತೆಗೆ ಬೇಕಾದ ಕೆಪ್ಯಾಸಿಟರ್‌ಗಳು ಎಲ್ಲ 21 ಮಿ.ಮೀ. ಚೌಕದ ಒಂದೇ ಚಿಪ್ಪಿನೊಳಗೆ. ಬಾಲ್‌ಗಳ ಅಂತರ 1.27 ಮಿ.ಮೀ., ಹಾಗಾಗಿ ನಾಲ್ಕು ಲೇಯರ್‌ನಲ್ಲಿ ಮುಗಿಯುತ್ತೆ. ಮೆಮೊರಿ ರೂಟಿಂಗ್ ಚಿಪ್ಪಿನೊಳಗೇ ಮುಗಿದಿರುತ್ತೆ, ನಿಮಗೆ ಆ ತಲೆನೋವೇ ಇಲ್ಲ. ಮುಂದೆ ಸ್ವಂತ ಬೋರ್ಡ್ ಮಾಡಿಸೋದು ಖಂಡಿತ ಅಂತಿದ್ದರೆ ಓದಬೇಕಾದ ವಿನ್ಯಾಸ ಇದೇ.

ಓಲಿಮೆಕ್ಸ್ ಬಲ್ಗೇರಿಯಾದ ಪ್ಲೋವ್ದಿವ್‌ನ ಕಂಪನಿ. ಅವರ ಗಿಟ್‌ಹಬ್‌ನಲ್ಲಿ ಬೋರ್ಡ್‌ಗಳ ಫೈಲುಗಳು ರಿವಿಷನ್‌ವಾರು ಫೋಲ್ಡರ್‌ಗಳಲ್ಲಿವೆ. ಕೈಗೆ ಬಂದ ಬೋರ್ಡ್ ಮೇಲೆ ಅಚ್ಚಾಗಿರೋ ರಿವಿಷನ್ ಅಕ್ಷರ ನೋಡಿ, ಅದೇ ಫೋಲ್ಡರ್ ತೆಗೀರಿ. ಬೇರೆ ರಿವಿಷನ್ನಿನ ಸ್ಕೀಮ್ಯಾಟಿಕ್ ಹಿಡ್ಕೊಂಡು ದೋಷ ಹುಡುಕೋಕೆ ಹೋದರೆ ದಿನ ಹಾಳು. ಅವರ ಎ64 ಬೋರ್ಡನ್ನು ಕೈಕ್ಯಾಡ್‌ನಲ್ಲೇ ವಿನ್ಯಾಸ ಮಾಡಿದ್ದಾರೆ. ಹಳೆಯ ಬೋರ್ಡ್‌ಗಳ ಈಗಲ್ (ಇನ್ನೊಂದು ವಿನ್ಯಾಸ ಸಾಫ್ಟ್‌ವೇರ್) ಫೈಲುಗಳನ್ನು ಕೈಕ್ಯಾಡ್ ಇಂಪೋರ್ಟ್ ಮಾಡಿಕೊಳ್ಳುತ್ತೆ, ಆಮೇಲೆ ಕಾಪರ್ ಝೋನ್‌ಗಳನ್ನು ಮತ್ತೆ ಫಿಲ್ ಮಾಡಿ ಡಿಆರ್‌ಸಿ (ವಿನ್ಯಾಸದ ನಿಯಮಗಳ ತಪಾಸಣೆ) ಓಡಿಸಲೇಬೇಕು.

ಹಣ ಕೊಡೋ ಮೊದಲು ಫೈಲ್ ಇಳಿಸಿಕೊಂಡು ನಿಮ್ಮ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಬಿಓಎಂನಲ್ಲಿ (ಬಿಡಿಭಾಗಗಳ ಪಟ್ಟಿ) ಇರೋ ಪ್ರೊಸೆಸರ್, ಪವರ್ ಚಿಪ್, ಈಥರ್ನೆಟ್ ಚಿಪ್ ಮೂರೂ ಬಿಡಿಯಾಗಿ ಸಿಗುತ್ತವಾ ಅಂತ ಹುಡುಕಿ. ಫೈಲ್ ತೆರೆಯದಿದ್ದರೆ, ಚಿಪ್ ಸಿಗದಿದ್ದರೆ, ಲೈಸೆನ್ಸ್ ಎಷ್ಟೇ ಉದಾರವಾಗಿದ್ದರೂ ನಿಮ್ಮ ಕೆಲಸ ಅಲ್ಲೇ ನಿಲ್ಲುತ್ತೆ.

---

ಪಿ9_ಹೆಡರ್

ಲಾಗರ್ ಕೆಲಸಕ್ಕೆ ನಾನು ಬೀಗಲ್‌ಬೋನ್ ಬ್ಲ್ಯಾಕ್ ಅಂತೀನಿ. 1 ಗಿಗಾಹರ್ಟ್ಸ್ ಕಾರ್ಟೆಕ್ಸ್-ಎ8, 512 ಎಂಬಿ ರ್‍ಯಾಮ್, ರಿವಿಷನ್ ಸಿ ಆದರೆ 4 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ ಸ್ಟೋರೇಜ್). ಈಗಿನ ಬೋರ್ಡ್‌ಗಳ ಮುಂದೆ ನಿಧಾನ, ನಿಜ. ಆದರೆ ಮಾಡ್‌ಬಸ್ ಓದಿ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಬರೆಯೋಕೆ ಧಾರಾಳ. ಡಾಕರ್, ಗ್ರಾಫಾನಾದಂಥ ಭಾರದ ಸಾಫ್ಟ್‌ವೇರ್ ಎಲ್ಲ ಅದರ ಮೇಲೆ ಹೇರಬೇಡಿ, ರ್‍ಯಾಮ್ ಸಾಲಲ್ಲ. ಅವುಗಳನ್ನು ಮನೆಯ ಕಂಪ್ಯೂಟರ್‌ನಲ್ಲಿಟ್ಟು ಇಲ್ಲಿಂದ ಡೇಟಾವನ್ನು ಎಂಕ್ಯೂಟಿಟಿಯಲ್ಲಿ (ಚಿಕ್ಕ ಸಂದೇಶ ಕಳಿಸೋ ವಿಧಾನ) ಕಳಿಸಿ.

ನಿಮಗೆ ಮುಖ್ಯವಾಗಿ ಲಾಭ ಆಗೋದು ಬೋರ್ಡಲ್ಲೇ ಇರೋ ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿ ಓದೋ ಭಾಗ). ಏಳು ಚಾನೆಲ್, 12 ಬಿಟ್. ಆದರೆ ಅದರ ಗರಿಷ್ಠ 1.8 ವೋಲ್ಟ್. ಮಿಕ್ಕ ಪಿನ್‌ಗಳು 3.3 ವೋಲ್ಟ್ ಆದ್ದರಿಂದ ಎಡಿಸಿಯೂ ಅಷ್ಟೇ ಇರಬೇಕು ಅಂದುಕೊಂಡು ಕೊಟ್ಟರೆ ಪ್ರೊಸೆಸರ್ ಸುಡುತ್ತೆ.

4–20 ಮಿಲಿಆಂಪಿಯರನ್ನು ವೋಲ್ಟೇಜ್ ಮಾಡೋಕೆ ಸಾಮಾನ್ಯವಾಗಿ ಹಾಕೋ 100 ಓಮ್ ರೆಸಿಸ್ಟರ್ ಇಲ್ಲಿ ನಡೆಯಲ್ಲ, 20 ಮಿಲಿಆಂಪಿಯರ್‌ಗೇ 2 ವೋಲ್ಟ್ ಬಂದುಬಿಡುತ್ತೆ. 75 ಓಮ್, 1 ಶೇಕಡಾ ರೆಸಿಸ್ಟರ್ ಹಾಕಿ. ಆಗ 0.3ರಿಂದ 1.5 ವೋಲ್ಟ್. ಸೆನ್ಸರ್ ಕೆಟ್ಟು 22 ಮಿಲಿಆಂಪಿಯರ್ ಬಿಟ್ಟರೂ 1.65ರಲ್ಲಿ ನಿಲ್ಲುತ್ತೆ. ಎಡಿಸಿಯ ಒಂದು ಮೆಟ್ಟಿಲು 0.44 ಮಿಲಿವೋಲ್ಟ್. 1.2 ವೋಲ್ಟ್ ವ್ಯಾಪ್ತಿಗೆ ಸುಮಾರು 2,700 ಮೆಟ್ಟಿಲು ಸಿಗುತ್ತೆ, ಅಂದರೆ 5 ಮೀಟರ್ ಟ್ಯಾಂಕಿಗೆ 2 ಮಿ.ಮೀ. ಒಳಗಿನ ಅಳತೆ. ನೀರಿನ ಅಲುಗಾಟವೇ ಅದಕ್ಕಿಂತ ಜಾಸ್ತಿ ಇರುತ್ತೆ. ರೆಸಿಸ್ಟರ್‌ನಿಂದ ಪಿ9_39ಕ್ಕೆ (ಪಿ9 ಹೆಡರಿನ 39ನೇ ಪಿನ್, ಎಡಿಸಿಯ ಇನ್‌ಪುಟ್) ಹೋಗೋ ದಾರಿಯಲ್ಲಿ 1 ಕೆ (ಕಿಲೋಓಮ್) ಸರಣಿಯಲ್ಲಿ, ಪಿನ್ ಹತ್ತಿರ 100 ನ್ಯಾನೋಫ್ಯಾರಡ್ ಗ್ರೌಂಡ್‌ಗೆ. ಗ್ರೌಂಡ್ ಅಂದರೆ ಪಿ9_34, ಅದು ಎಡಿಸಿಯದೇ ಗ್ರೌಂಡ್. ಓದಿದ್ದು 4 ಮಿಲಿಆಂಪಿಯರ್‌ಗಿಂತ ಸಾಕಷ್ಟು ಕೆಳಗೆ, 3.6ಕ್ಕಿಂತ ಕಡಿಮೆ ಇದ್ದರೆ ‘ಟ್ಯಾಂಕ್ ಖಾಲಿ’ ಅಂತ ತಗೋಬೇಡಿ. ವೈರ್ ಕಿತ್ತಿದೆ ಅಂತ ಅರ್ಥ, ಪ್ರೋಗ್ರಾಂನಲ್ಲಿ ಅದನ್ನು ಬೇರೆಯಾಗೇ ಗುರುತಿಸಿ.

ಪಿನ್ ಆರಿಸುವಾಗ ಎಡವೋದು ಮೂರು ಕಡೆ. ಪಿ8_31ರಿಂದ ಪಿ8_46ರವರೆಗಿನವು ಬೂಟ್ ಆಯ್ಕೆಯ ಪಿನ್‌ಗಳು. ಪವರ್ ಬಂದ ಕ್ಷಣ ಅವುಗಳ ಮೇಲೆ ಹೊರಗಿನ ಸರ್ಕ್ಯೂಟ್ ವೋಲ್ಟೇಜ್ ಕೊಟ್ಟರೆ ಬೋರ್ಡ್ ಬೂಟ್ ಆಗೋದೇ ಇಲ್ಲ, ವೈರ್ ಕಿತ್ತರೆ ಆಗುತ್ತೆ, ಕಾರಣ ತಿಳಿಯದೆ ಒದ್ದಾಡ್ತೀರಿ. ಪಿ8_3ರಿಂದ 6, ಮತ್ತೆ 20ರಿಂದ 25 ಇಎಂಎಂಸಿಗೆ ಹೋಗಿವೆ, ಮುಟ್ಟಬೇಡಿ. ಇನ್ನೊಂದು, ಬೋರ್ಡಿಗೆ ಪವರ್ ಬರೋ ಮುಂಚೆ ಯಾವ ಪಿನ್‌ಗೂ ಹೊರಗಿಂದ ವೋಲ್ಟೇಜ್ ಬರಬಾರದು. ಸೆನ್ಸರ್‌ಗೆ ಬೇರೆ ಸಪ್ಲೈ ಇದ್ದು ಅದು ಮೊದಲೇ ಆನ್ ಆದರೆ ಪಿನ್ ಮೂಲಕ ಚಿಪ್ಪಿನೊಳಕ್ಕೆ ಕರೆಂಟ್ ನುಗ್ಗುತ್ತೆ. ಪಿ8_7ರಿಂದ ಪಿ8_19ರವರೆಗೆ ನಿಶ್ಚಿಂತೆಯಿಂದ ಬಳಸಿ.

ಇಎಂಎಂಸಿಯಲ್ಲಿ ಹಳೇ ಇಮೇಜ್ ಇರೋ ಬೋರ್ಡ್ ಸಿಕ್ಕರೆ, ಹೊಸ ಎಸ್‌ಡಿ ಕಾರ್ಡ್ ಹಾಕಿದರೂ ಇಎಂಎಂಸಿಯ ಹಳೇ ಯೂಬೂಟೇ (ಲಿನಕ್ಸ್ ಶುರು ಮಾಡೋ ಪ್ರೋಗ್ರಾಂ) ಮೊದಲು ಓಡುತ್ತೆ. ಆಗ ಓವರ್‌ಲೇಗಳು (ಯಾವ ಪಿನ್‌ಗೆ ಯಾವ ಕೆಲಸ ಅಂತ ಹೇಳೋ ಫೈಲುಗಳು) ಲೋಡ್ ಆಗಲ್ಲ, ಪಿನ್‌ಗಳು ಕೆಲಸ ಮಾಡಲ್ಲ. ಕಾರ್ಡ್ ಸ್ಲಾಟ್ ಪಕ್ಕದ ಎಸ್2 ಬಟನ್ ಒತ್ತಿ ಹಿಡಿದು ಪವರ್ ಕೊಡಿ, ಕಾರ್ಡಿಂದ ಬೂಟ್ ಆಗುತ್ತೆ. ಆಮೇಲೆ ಇಎಂಎಂಸಿಯ ಮೊದಲ 10 ಎಂಬಿ ಅಳಿಸಿ, ಇಲ್ಲವೇ ಫ್ಲಾಶರ್ ಇಮೇಜ್ ಹಾಕಿ.

ಪವರ್ 5 ವೋಲ್ಟ್ 2 ಆಂಪಿಯರ್, 5.5/2.1 ಮಿ.ಮೀ. ಜ್ಯಾಕ್‌ನಿಂದಲೇ ಕೊಡಿ. ಹನ್ನೆರಡು ವೋಲ್ಟಿನ ರೂಟರ್ ಅಡಾಪ್ಟರ್‌ದೂ ಅದೇ ಜ್ಯಾಕ್ ಇರುತ್ತೆ, ಹುಷಾರು.

---

ತೋಟದ_ಲಾಗರ್

ತುಂಬಾ ಉಪಕಾರ ಆಯ್ತು ಸರ್. 75 ಓಮ್ ಲೆಕ್ಕ ಬರೆದಿಟ್ಟುಕೊಂಡೆ. ಕರೆಂಟ್ ಹೋಗೋ ವಿಚಾರಕ್ಕೆ ಏನು ಮಾಡೋದು? ಬ್ಲ್ಯಾಕ್‌ನಲ್ಲೂ ಬ್ಯಾಟರಿ ಪ್ಯಾಡ್‌ಗಳಿವೆ ಅಂತ ಓದಿದೆ.

---

ಮಿಂಚುಬಂಧ

ಪ್ಯಾಡ್‌ಗಳಿವೆ, ಟಿಪಿ5ರಿಂದ ಟಿಪಿ8. ಪವರ್ ಚಿಪ್ಪಿನೊಳಗೆ ಲಿಥಿಯಂ ಚಾರ್ಜರ್ರೂ ಇದೆ. ಆದರೆ ಬ್ಯಾಟರಿ ಮೇಲೆ ಓಡುವಾಗ ಬೋರ್ಡಿನ 5 ವೋಲ್ಟ್ ಲೈನ್ ಬ್ಯಾಟರಿ ವೋಲ್ಟೇಜಿಗೇ ಇಳಿಯುತ್ತೆ. ಯುಎಸ್‌ಬಿಗೆ ಚುಚ್ಚಿದ ಡಾಂಗಲ್, ಕನ್ವರ್ಟರ್ ಎಲ್ಲ ಕೈಕೊಡುತ್ತವೆ. ಬ್ಲ್ಯಾಕ್ ತಗೊಂಡರೆ ಆ ಪ್ಯಾಡ್‌ಗಳನ್ನು ಮರೆತು ಹೊರಗೇ 5 ವೋಲ್ಟಿನ ಚಿಕ್ಕ ಯುಪಿಎಸ್ ಇಡಿ.

ಈ ಒಂದು ಕಾರಣಕ್ಕೆ ನನ್ನ ಓಟು ಲೈಮ್2ಗೆ. ಅದರ ಎಎಕ್ಸ್‌ಪಿ209 ಪವರ್ ಚಿಪ್ ಒಂಟಿ ಸೆಲ್ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುತ್ತೆ, ಕರೆಂಟ್ ಹೋದಾಗ ತಾನೇ ಅದಕ್ಕೆ ಹಾರುತ್ತೆ, ಬ್ಯಾಟರಿ ವೋಲ್ಟೇಜ್ ಎಷ್ಟು ಅಂತ ಲಿನಕ್ಸ್‌ಗೆ ಹೇಳುತ್ತೆ. 3.5 ವೋಲ್ಟಿಗೆ ಬಂದಾಗ ಶಟ್‌ಡೌನ್ ಮಾಡೋ ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು. 4,400 ಮಿಲಿಆಂಪಿಯರ್-ಅವರ್ ಅಂದರೆ ಸುಮಾರು 16 ವ್ಯಾಟ್-ಅವರ್. ಬೋರ್ಡ್ 2 ವ್ಯಾಟ್ ಎಳೆಯುತ್ತೆ ಅಂತಿಟ್ಟುಕೊಂಡರೆ ನಷ್ಟ ಕಳೆದು ಆರೇಳು ಗಂಟೆ. ಬ್ಯಾಟರಿ ವಿದೇಶದಿಂದ ತರಿಸೋಕೆ ಹೋಗಬೇಡಿ, ವಿಮಾನದಲ್ಲಿ ಲಿಥಿಯಂ ಕಳಿಸೋ ರಗಳೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಲ್ಲೋ ಪ್ರೊಟೆಕ್ಷನ್ ಸರ್ಕ್ಯೂಟ್ ಇರೋ ಒಂಟಿ ಸೆಲ್ ಪ್ಯಾಕ್ ತಗೊಳ್ಳಿ. ಕನೆಕ್ಟರ್ ಒಂದೇ ಥರ ಇದ್ದರೂ ಕೆಂಪು-ಕಪ್ಪು ಯಾವ ಕಡೆ ಅನ್ನೋದು ಮಾರುವವರಿಂದ ಮಾರುವವರಿಗೆ ಬದಲಾಗುತ್ತೆ. ಬೋರ್ಡ್ ಮೇಲಿನ ಪ್ಲಸ್ ಗುರುತು ನೋಡಿ, ಮಲ್ಟಿಮೀಟರ್ ಹಿಡಿದು, ಆಮೇಲೆ ಚುಚ್ಚಿ.

ಲೈಮ್2 ಒಳಗಿರೋದು ಆಲ್‌ವಿನ್ನರ್ ಎ20, ಎರಡು ಕಾರ್ಟೆಕ್ಸ್-ಎ7 ಕೋರ್, 1 ಜಿಬಿ ರ್‍ಯಾಮ್, ಗಿಗಾಬಿಟ್ ಈಥರ್ನೆಟ್, ಸಾಟಾ. ಲಿನಕ್ಸ್-ಸನ್‌ಕ್ಸಿ (ಆಲ್‌ವಿನ್ನರ್ ಚಿಪ್‌ಗಳಿಗೆ ಲಿನಕ್ಸ್ ಹೊಂದಿಸೋ) ಬಳಗದವರ ವರ್ಷಗಟ್ಟಲೆ ಶ್ರಮದಿಂದ ಮುಖ್ಯ ಕರ್ನೆಲ್, ಮುಖ್ಯ ಯೂಬೂಟ್ ಎರಡೂ ಇದರ ಮೇಲೆ ನೇರ ಓಡುತ್ತವೆ, ಬೂಟ್ ಆಗೋಕೆ ಯಾವ ಮುಚ್ಚಿದ (ಮೂಲ ಕೋಡ್ ಸಿಗದ) ಫೈಲೂ ಬೇಕಿಲ್ಲ. ಪೈಗೆ ಇದನ್ನು ಹೇಳೋಕಾಗಲ್ಲ. ಹತ್ತು ವರ್ಷ ಓಡಿಸೋ ಬೋರ್ಡಿಗೆ ನನಗೆ ಇದು ಪ್ರೊಸೆಸರ್ ವೇಗಕ್ಕಿಂತ ದೊಡ್ಡದು.

ತೊಂದರೆಯೂ ಹೇಳ್ತೀನಿ. ಹೆಡರ್‌ಗಳ ಪಿಚ್ (ಪಿನ್‌ಗಳ ಅಂತರ) 1.27 ಮಿ.ಮೀ. ಮಾಮೂಲಿ ಜಂಪರ್ ವೈರ್ ಕೂರಲ್ಲ, ಅಡಾಪ್ಟರ್ ಬೋರ್ಡನ್ನೂ ಜೊತೆಗೇ ಆರ್ಡರ್ ಮಾಡಿ. ಮತ್ತೆ ಎ20ಯ ಎಲ್‌ಆರ್‌ಎಡಿಸಿ 6 ಬಿಟ್‌ನದು, ಬಟನ್ ಓದೋಕೆ ಇರೋದು, ಸೆನ್ಸರ್‌ಗೆ ಆಗಲ್ಲ. ಎಡಿಎಸ್1115 ಅನ್ನೋ ಹೊರಗಿನ ಎಡಿಸಿ ಮಾಡ್ಯೂಲನ್ನು ಐ2ಸಿಗೆ (ಚಿಪ್‌ಗಳ ನಡುವಿನ ಎರಡು ವೈರಿನ ಡೇಟಾ ಲೈನ್) ಹಾಕಿ, ವಿಳಾಸ 0ಎಕ್ಸ್48, ಸಪ್ಲೈ 3.3 ವೋಲ್ಟ್. ಅಲ್ಲಿ 100 ಓಮ್ ಹಾಕಬಹುದು, ವ್ಯಾಪ್ತಿಯನ್ನು 4.096 ವೋಲ್ಟ್‌ಗೆ ಇಡಿ. ಬ್ಲ್ಯಾಕ್ ತಗೊಂಡರೂ ನಾನು ಇದನ್ನೇ ಹಾಕಿ ಅಂತೀನಿ. ತೋಟದಿಂದ ಬರೋ ಉದ್ದದ ಕೇಬಲ್ಲಿಗೆ ಸಿಡಿಲಿನ ಹೊಡೆತ ಬಂದಾಗ ಅಗ್ಗದ ಮಾಡ್ಯೂಲ್ ಹೋಗಲಿ, ಪ್ರೊಸೆಸರ್ ಉಳಿಯುವ ಸಾಧ್ಯತೆ ಹೆಚ್ಚುತ್ತೆ.

ಗಡಿಯಾರಕ್ಕೆ ಡಿಎಸ್3231 ಹಾಕ್ತೀರಿ ಅಂದುಕೊಂಡಿದ್ದೀನಿ, ಇಂಟರ್‌ನೆಟ್ ಇಲ್ಲದಾಗ ಸಮಯ ತಪ್ಪಿದರೆ ಲಾಗ್ ಇದ್ದೂ ಇಲ್ಲದಂತೆ. ಮಾರುಕಟ್ಟೆಯಲ್ಲಿ ಸಿಗೋ ನೀಲಿ ಝಡ್‌ಎಸ್-042 ಮಾಡ್ಯೂಲ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡೋ 200 ಓಮ್ ರೆಸಿಸ್ಟರ್, ಒಂದು ಡಯೋಡ್ ಇವೆ. ಅದು ರೀಚಾರ್ಜ್ ಆಗೋ ಎಲ್‌ಐಆರ್2032ಗೆ. ಮಾಮೂಲಿ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬುತ್ತೆ. ಜೊತೆಗೆ ಅದರ ಪುಲ್‌ಅಪ್ ರೆಸಿಸ್ಟರ್‌ಗಳು ಐ2ಸಿ ಲೈನನ್ನು 5 ವೋಲ್ಟಿಗೆ ಎಳೆದು ಬೋರ್ಡಿನ ಪಿನ್ ಕೊಲ್ಲುತ್ತವೆ. 3.3 ವೋಲ್ಟೇ ಕೊಡಿ, ಆ ರೆಸಿಸ್ಟರನ್ನೂ ಕಿತ್ತುಬಿಡಿ.

ಫೈಲ್ ಸಿಸ್ಟಂ: ರೂಟ್ ಪಾರ್ಟಿಷನ್ ಮೇಲೆ ಓವರ್‌ಲೇ ಫೈಲ್ ಸಿಸ್ಟಂ ಹಾಕಿ ಅದನ್ನು ರೀಡ್-ಓನ್ಲಿ ಮಾಡಿ, ಡೇಟಾಗೆ ಬೇರೆ ಪಾರ್ಟಿಷನ್ ಇಡಿ. ಸೆಕೆಂಡಿಗೊಂದು ಸಲ ಬರೆಯಬೇಡಿ. ಓದಿದ್ದನ್ನು ರ್‍ಯಾಮ್‌ನಲ್ಲಿ ಕೂಡಿಟ್ಟು ನಿಮಿಷಕ್ಕೊಮ್ಮೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಎಸ್‌ಕ್ಯೂಲೈಟ್‌ಗೆ ಹಾಕಿ.

---

ಹುಬ್ಬಳ್ಳಿ_ವೈರಿಂಗ್

ಬೋರ್ಡ್ ಯಾವ್ದರ ತಗೋರಿ, ಹೊರಗಿನ ವೈರಿಂಗ್ ತಪ್ಪಿದ್ರ ಎರಡೂ ಸಾಯ್ತಾವ. ಅದನ್ನ ಅಷ್ಟ ಹೇಳ್ತೀನಿ.

ಆರ್‌ಎಸ್-485ಕ್ಕ ಮ್ಯಾಕ್ಸ್485 ಮಾಡ್ಯೂಲ್ ತರಬ್ಯಾಡ್ರಿ. ಅದು 5 ವೋಲ್ಟಿನ ಚಿಪ್, ಅದರ ಆರ್‌ಓ ಪಿನ್ 5 ವೋಲ್ಟ್ ಹೊರಗ ಹಾಕತೈತಿ, ಬೋರ್ಡಿನ ಪಿನ್ ತಡಕೊಳ್ಳೂದು 3.3 ಅಷ್ಟ. ಮ್ಯಾಕ್ಸ್3485 ಇಲ್ಲಾ ಎಸ್‌ಪಿ3485 ತಗೋರಿ. ಬ್ಲ್ಯಾಕ್‌ನ್ಯಾಗ ಯುಆರ್ಟ್4 (ಸೀರಿಯಲ್ ಪೋರ್ಟ್) ಐತಿ, ಪಿ9_11 ಆರ್‌ಎಕ್ಸ್, ಪಿ9_13 ಟಿಎಕ್ಸ್. ಮೊದಲ ಸಲ ಮೀಟರ್ ಓದಾಕ ಯುಎಸ್‌ಬಿ ಕನ್ವರ್ಟರ್ ಹಚ್ಚಿ ನೋಡ್ರಿ, ಮೀಟರಿನ ಸೆಟ್ಟಿಂಗ್ ಗೊತ್ತಾದ ಮ್ಯಾಲೆ ಪಿನ್ನಿಗೆ ಬರ್ರಿ. 120 ಓಮ್ ರೆಸಿಸ್ಟರ್ ಕೇಬಲ್ಲಿನ ಎರಡೂ ತುದಿಗೆ ಮಾತ್ರ, ನಡುವ ಬ್ಯಾಡ. ಎ, ಬಿ ಜೋಡಿ ಸಂಗಾಟ ಗ್ರೌಂಡ್ ವೈರೂ ಎಳೀರಿ.

ಉತ್ತರ ಬರ್ಲಿಲ್ಲ ಅಂದ್ರ ಮೊದಲ ಎ-ಬಿ ಅದಲುಬದಲು ಮಾಡಿ ನೋಡ್ರಿ, ಆಮ್ಯಾಲೆ ಪ್ಯಾರಿಟಿ (ಡೇಟಾದ ತಪ್ಪು ಹಿಡಿಯೂ ಬಿಟ್). ಭಾಳ ಮೀಟರಿನ್ಯಾಗ ಈವನ್ ಇರತೈತಿ, ನಾವು ‘ನನ್’ (ಪ್ಯಾರಿಟಿ ಇಲ್ಲ) ಅಂತ ಇಟ್ಟಿರ್ತೀವಿ. ಉತ್ತರ ಬಂತು, ಆದ್ರ ವೋಲ್ಟೇಜ್ ಏನೋ ಅಡ್ಡಾದಿಡ್ಡಿ ತೋರಸ್ತೈತಿ ಅಂದ್ರ ಎರಡು ರಿಜಿಸ್ಟರಿನ ಫ್ಲೋಟ್ (ದಶಮಾಂಶ ಸಂಖ್ಯೆ) ತಿರುವುಮುರುವು ಜೋಡ್ಸೀರಿ ಅಂತ ತಿಳೀರಿ. ವರ್ಡ್ ಆರ್ಡರ್ ಬದಲಿ ಮಾಡ್ರಿ, 230ರ ಆಸುಪಾಸು ಬಂದ್ರ ಸರಿ ಆತು.

ಕಾಂಟ್ಯಾಕ್ಟರಿಗೆ: ಜಿಪಿಐಓ (ಪ್ರೋಗ್ರಾಂ ಆನ್-ಆಫ್ ಮಾಡೂ) ಪಿನ್ನಿಂದ ನೇರ ರಿಲೇ ಮಾಡ್ಯೂಲಿಗೆ ಹೋಗಬ್ಯಾಡ್ರಿ. 5 ವೋಲ್ಟಿನ ಆಕ್ಟಿವ್-ಲೋ (ಇನ್‌ಪುಟ್ ಸೊನ್ನೆ ಆದ್ರ ಆನ್ ಆಗೂ) ಮಾಡ್ಯೂಲ್ 3.3ಕ್ಕ ಪೂರ್ತಿ ಆಫ್ ಆಗೂದು ಗ್ಯಾರಂಟಿ ಇಲ್ಲ. ನಡುವ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕ್ರಿ: ಬೇಸಿಗೆ 1 ಕೆ, ಬೇಸ್-ಎಮಿಟರ್ ನಡುವ 10 ಕೆ, ಕಲೆಕ್ಟರ್ ಮಾಡ್ಯೂಲಿನ ಇನ್‌ಪುಟ್ಟಿಗೆ. ಬೋರ್ಡ್ ಬೂಟ್ ಆಗೂತನಾ ಪಿನ್ ಗಾಳಿಯಾಗ ತೇಲಿದ್ರೂ ಆ 10 ಕೆ ಟ್ರಾನ್ಸಿಸ್ಟರ್ ಆಫ್ ಇಡತೈತಿ, ಪಂಪ್ ತಾನ ಚಾಲೂ ಆಗಂಗಿಲ್ಲ. ರಿಸೆಟ್ ಹೊತ್ತಿಗೆ ಪುಲ್‌ಡೌನ್ ಇರೂ ಪಿನ್ನ ಆರಿಸ್ರಿ. ಕಾಂಟ್ಯಾಕ್ಟರ್ ಕಾಯಿಲಿಗೆ ಅಡ್ಡಲಾಗಿ 100 ಓಮ್, 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪ್ಯಾಸಿಟರಿನ ಸ್ನಬ್ಬರ್ (ಆಫ್ ಆದಾಗಿನ ವೋಲ್ಟೇಜ್ ಹೊಡೆತ ತಡಿಯೂ ಜೋಡಿ) ಹಾಕ್ರಿ. ಇಲ್ಲಾಂದ್ರ ಪಂಪ್ ಆಫ್ ಆದಾಗೆಲ್ಲಾ ಬೋರ್ಡ್ ರಿಸೆಟ್ ಆಗತೈತಿ, ನೀವು ಸಾಫ್ಟ್‌ವೇರಿನ್ಯಾಗ ದೋಷ ಹುಡುಕ್ಕೋತ ಕುಂಡ್ರತೀರಿ. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಯಾವ್ದನ್ನೂ ಬೈಪಾಸ್ ಮಾಡಬ್ಯಾಡ್ರಿ. ನಿಮ್ಮ ರಿಲೇ ಅವುಗಳ ಜೋಡಿ ಸೀರೀಸಿನ್ಯಾಗ ಇರಬೇಕು. ಆ ಪ್ಯಾನೆಲ್ಲಿನ ಕೆಲಸ ಲೈಸೆನ್ಸ್ ಇರೂ ಎಲೆಕ್ಟ್ರಿಶಿಯನ್ ಕಡೆ ಮಾಡಸ್ರಿ.

---

ತೋಟದ_ಲಾಗರ್

ಎಲ್ಲರಿಗೂ ವಂದನೆ. ಲಾಗರ್‌ಗೆ ಲೈಮ್2, ಎಡಿಎಸ್1115, ಎಸ್‌ಪಿ3485 ಅಂತ ತೀರ್ಮಾನ ಮಾಡಿದೆ. ಸ್ವಂತ ಬೋರ್ಡಿನ ಹಂತಕ್ಕೆ ಆಕ್ಟಾವೋ ಬಿಟ್ಟು ಇನ್ನೂ ಅಗ್ಗದ ದಾರಿ ಇದೆಯಾ?

---

ಬೆಸುಗೆಗಾರ

ಇದೆ, ಎರಡು.

ಒಂದು, ಪ್ರೊಸೆಸರ್ ಭಾಗವನ್ನೇ ಮುಟ್ಟದಿರೋದು. ಲೈಮ್2 ಮೇಲೆ ಕೂರೋ ಎರಡು ಲೇಯರ್ ಬೋರ್ಡ್ ಮಾಡಿ: ಆರ್‌ಎಸ್-485, ಎಡಿಎಸ್1115, ಬಿಸಿ547, ಟರ್ಮಿನಲ್ ಬ್ಲಾಕ್, ಅಷ್ಟೇ. ಓಲಿಮೆಕ್ಸ್ ಫೈಲಿನಿಂದ ಹೆಡರ್‌ಗಳ ಸ್ಥಾನ, ಸ್ಕ್ರೂ ತೂತುಗಳ ಅಳತೆ ನೇರ ತಗೊಳ್ಳಬಹುದು, ಸ್ಕೇಲ್ ಇಟ್ಟು ಅಳೆಯೋ ಕೆಲಸವೇ ಇಲ್ಲ. ಮೊದಲು ಹಾಳೆ ಮೇಲೆ 1:1 ಪ್ರಿಂಟ್ ತೆಗೆದು ಬೋರ್ಡ್ ಮೇಲಿಟ್ಟು ನೋಡಿ. 1.27 ಪಿಚ್‌ನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಕೂರಲ್ಲ. ನಿಮ್ಮ ಈಗಿನ ಅಭ್ಯಾಸಕ್ಕೆ ಇದೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ.

ಎರಡು, ಆಲ್‌ವಿನ್ನರ್ ಎಫ್1ಸಿ200ಎಸ್. ಹಳೇ ಎಆರ್‌ಎಂ9 ಕೋರ್, ಒಳಗೇ 64 ಎಂಬಿ ಡಿಡಿಆರ್ ಮೆಮೊರಿ, ಕ್ಯೂಎಫ್‌ಎನ್88 (ಅಂಚಿನ ಸುತ್ತ 88 ಪಿನ್) ಪ್ಯಾಕೇಜ್. ಬಿಜಿಎ ಅಲ್ಲ, ಹಾಟ್ ಏರ್ ಇದ್ದರೆ ಕೈಯಲ್ಲೇ ಕೂರಿಸಬಹುದು. 3.3, 2.5, 1.1 ವೋಲ್ಟ್ ಮೂರು ಸಪ್ಲೈ, 24 ಮೆಗಾಹರ್ಟ್ಸ್ ಕ್ರಿಸ್ಟಲ್, ಒಂದು ಎಸ್‌ಪಿಐ ಫ್ಲಾಶ್ ಇದ್ದರೆ ಲಿನಕ್ಸ್ ಏಳುತ್ತೆ. ಡೆಬಿಯನ್ ಹಾಕೋಕೆ ಹೋಗಬೇಡಿ, ಬಿಲ್ಡ್‌ರೂಟ್‌ನಲ್ಲಿ (ಚಿಕ್ಕ ಲಿನಕ್ಸ್ ಕಟ್ಟೋ ಸಾಧನ) ನಿಮಗೆ ಬೇಕಾದಷ್ಟೇ ಕಟ್ಟಿಕೊಳ್ಳಿ. ಎಡವೋದು ಅಡಿಯ ದೊಡ್ಡ ಗ್ರೌಂಡ್ ಪ್ಯಾಡ್‌ನಲ್ಲಿ. ಬೆಸುಗೆ ಜಾಸ್ತಿಯಾದರೆ ಚಿಪ್ ತೇಲಿ ಅಂಚಿನ ಪಿನ್ ಅಂಟಲ್ಲ, ಕಡಿಮೆಯಾದರೆ ಗ್ರೌಂಡ್ ಸಿಗದೆ ಯುಎಸ್‌ಬಿಯಲ್ಲಿ ಕಾಣಿಸೋದೇ ಇಲ್ಲ. ಸ್ಟೆನ್ಸಿಲ್‌ನಲ್ಲಿ (ಬೆಸುಗೆ ಪೇಸ್ಟ್ ಹಚ್ಚೋ ಕಿಂಡಿ ಹಾಳೆ) ಆ ಪ್ಯಾಡನ್ನು ಒಂದೇ ಕಿಂಡಿ ಮಾಡದೆ ಒಂಬತ್ತು ಚಿಕ್ಕ ಚೌಕವಾಗಿ ಒಡೆಯಿರಿ.

ಯಾವುದನ್ನೇ ಆಧರಿಸಿ ಮಾಡಿದರೂ ಮೂಲ ಫೈಲಿನ ಲೈಸೆನ್ಸ್ ಓದಿ. ಬೀಗಲ್‌ಬೋನ್ ಬ್ಲ್ಯಾಕ್ ಫೈಲುಗಳಿಗಿರೋ ಶೇರ್-ಅಲೈಕ್ ಷರತ್ತಿನ ಪ್ರಕಾರ, ನೀವು ತಿದ್ದಿದ್ದನ್ನು ಹಂಚಿದರೆ ಅದೇ ಲೈಸೆನ್ಸ್‌ನಲ್ಲೇ ಹಂಚಬೇಕು. ಅವರ ಹೆಸರು, ಲೋಗೋ ಮಾತ್ರ ನಿಮ್ಮ ಬೋರ್ಡ್ ಮೇಲೆ ಅಚ್ಚು ಹಾಕಬೇಡಿ, ಅದು ಟ್ರೇಡ್‌ಮಾರ್ಕ್, ಲೈಸೆನ್ಸ್‌ನಲ್ಲಿ ಸೇರಿಲ್ಲ. ಎರಡು ಲೇಯರ್ ಬೋರ್ಡಿನ ಸ್ಕೀಮ್ಯಾಟಿಕ್ ಆದಾಗ ಇಲ್ಲಿ ಹಾಕಿ, ಫ್ಯಾಬ್‌ಗೆ (ಬೋರ್ಡ್ ತಯಾರಿಸೋ ಕಾರ್ಖಾನೆ) ಕಳಿಸೋ ಮುಂಚೆ ನೋಡಿ ಹೇಳ್ತೀನಿ.